ಡಿಸ್ಕ್ ಹಾಕಿದ್ದಕ್ಕೆ ನೆಟ್‌ವರ್ಕ್ ಹೋಯಿತು: ಗ್ರಾಫಿಕ್ಸ್ ಕಾರ್ಡ್ ಪಾಸ್‌ಥ್ರೂ ಮಾಡಿಕೊಂಡವರು ಒಮ್ಮೆ ಓದಿ

ಪ್ರಾಕ್ಸ್‌ಮಾಕ್ಸ್ (ಒಂದೇ ಮಷೀನ್ ಒಳಗೆ ಹಲವು ವರ್ಚುವಲ್ ಕಂಪ್ಯೂಟರ್ ನಡೆಸುವ ತಂತ್ರಾಂಶ) ಮೇಲೆ ವಿಂಡೋಸ್ ವಿಎಂ, ಅಂದರೆ ಅಂಥ ಒಂದು ವರ್ಚುವಲ್ ಕಂಪ್ಯೂಟರ್, ಕೂರಿಸಿ, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಪಾಸ್‌ಥ್ರೂ ಕೊಟ್ಟು (ಕಾರ್ಡನ್ನು ನೇರವಾಗಿ ಅದಕ್ಕೇ ಒಪ್ಪಿಸಿ), ದೂರದಿಂದ ಕೆಲಸ ಮಾಡುವವರು ಯಾರಾದರೂ ಇದ್ದರೆ ಇದು ನಿಮಗೆ. ಮಷೀನ್ ಆನ್ ಆದ ಕೂಡಲೇ ತಾನಾಗಿ ಶುರುವಾಗಲಿ ಅಂತ ಆ ವಿಎಂಗೆ 'ಸ್ಟಾರ್ಟ್ ಅಟ್ ಬೂಟ್' ಟಿಕ್ ಹಾಕಿಟ್ಟಿದ್ದರೆ ಮೊದಲು ಹೋಗಿ ಅದನ್ನು ತೆಗೆದು ಬನ್ನಿ, ಆಮೇಲೆ ಓದಿ. ನಾನು ತೆಗೆದಿರಲಿಲ್ಲ.

ನನ್ನದು ಬೆಳಗಾವಿ ಉದ್ಯಮಬಾಗದಲ್ಲಿ ಸಣ್ಣ ಡ್ರಾಯಿಂಗ್ ಆಫೀಸು. ಸುತ್ತಮುತ್ತಲಿನ ಫೌಂಡ್ರಿಗಳಿಗೆ ಪಂಪ್ ಕೇಸಿಂಗ್, ವಾಲ್ವ್ ಬಾಡಿ ಇಂಥವುಗಳ ತ್ರೀಡಿ ಮಾಡೆಲ್ ಮಾಡಿಕೊಡುತ್ತೇವೆ. ಆ ಮಾಡೆಲ್ ಹೋದ ಮೇಲೆಯೇ ಅಲ್ಲಿ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಕೆಲಸ ಶುರು. ಎರಡು ಮೂರು ಕಂಪ್ಯೂಟರ್ ಕೊಳ್ಳುವ ಬದಲು ಒಂದೇ ರೈಜನ್ ಮಷೀನ್ ಇಟ್ಟುಕೊಂಡೆ. ಬಿ450 ಬೋರ್ಡು, ಅದರ ಮೇಲೆ ಪ್ರಾಕ್ಸ್‌ಮಾಕ್ಸ್, ಒಳಗೆ ಫೈಲ್ ಸರ್ವರ್ ಒಂದು, ಕ್ಯಾಡ್ ಕೆಲಸಕ್ಕೆ ವಿಂಡೋಸ್ ವಿಎಂ ಒಂದು. ಇದ್ದ ಒಂದೇ ಒಂದು ಗ್ರಾಫಿಕ್ಸ್ ಕಾರ್ಡನ್ನು ಆ ವಿಎಂಗೇ ಕೊಟ್ಟುಬಿಟ್ಟೆ. ಪ್ರೊಸೆಸರ್‌ನಲ್ಲಿ ಬೇರೆ ಗ್ರಾಫಿಕ್ಸ್ ಇರಲಿಲ್ಲ. ಅಂದರೆ ಹೋಸ್ಟ್‌ಗೆ (ಪ್ರಾಕ್ಸ್‌ಮಾಕ್ಸ್ ಓಡುವ ಮೂಲ ಮಷೀನ್‌ಗೆ) ಪರದೆಯೇ ಇಲ್ಲ. ಮಾನಿಟರ್ ಹಚ್ಚಿದರೆ ಬಯಾಸ್ ಲೋಗೋ ಬರುತ್ತದೆ, ನಾಲ್ಕು ಸಾಲು ಓಡುತ್ತವೆ, ಅಲ್ಲಿಗೆ ಕಪ್ಪು. 'ನೆಟ್‌ವರ್ಕ್ ಇದೆಯಲ್ಲ, ಪರದೆ ಯಾಕೆ ಬೇಕು' ಅಂದುಕೊಂಡಿದ್ದೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶುರುವಿನ ತಾಪತ್ರಯಗಳು ಎಲ್ಲರಿಗೂ ಆಗುವಂಥವೇ. ಹಳೆಯ ವಿಡಿಯೋ ನೋಡಿಕೊಂಡು ಎರರ್ 43 (ವಿಎಂ ಒಳಗೆ ಇದ್ದೇನೆಂದು ಗೊತ್ತಾದರೆ ಎನ್‌ವಿಡಿಯಾ ಡ್ರೈವರ್ ಕೊಡುತ್ತಿದ್ದ ಎರರ್) ತಪ್ಪಿಸಲು ವಿಎಂ ಅನ್ನುವುದನ್ನೇ ಮರೆಮಾಚುವ ಸರ್ಕಸ್ ಮಾಡಿದೆ. ಅದೆಲ್ಲ ಈಗ ಬೇಕಾಗಿಲ್ಲ, 2021ರಲ್ಲಿ ಬಂದ 465 ಡ್ರೈವರ್‌ನಿಂದ ಈಚೆಗೆ ಎನ್‌ವಿಡಿಯಾದವರೇ ಜೀಫೋರ್ಸ್ ಕಾರ್ಡನ್ನು ವಿಎಂನಲ್ಲಿ ಬಿಟ್ಟಿದ್ದಾರೆ. ಆಮೇಲೆ ಮಾನಿಟರ್ ಕಿತ್ತಿಟ್ಟಾಗ, ದೂರದಿಂದ ಪರದೆ ನೋಡಲು ಬಳಸುವ ಪಾರ್ಸೆಕ್‌ನಲ್ಲಿ ಕಪ್ಪು ಪರದೆ. ಕಾರ್ಡ್‌ಗೆ ಏನೂ ಹಚ್ಚದಿದ್ದರೆ ಅದು ತೋರಿಸಲು ಡೆಸ್ಕ್‌ಟಾಪ್ ಅನ್ನೇ ತಯಾರು ಮಾಡುವುದಿಲ್ಲ. ಬೆರಳಿನಷ್ಟುದ್ದ ಎಚ್‌ಡಿಎಂಐ ಡಮ್ಮಿ ಪ್ಲಗ್ ಚುಚ್ಚಿದೆ, ಮುಗಿಯಿತು.

ರಿಮೋಟ್ ವಿಷಯದಲ್ಲಿ ಮಾತ್ರ ದಡ್ಡತನ ಮಾಡಿದ್ದೆ. ಮೊದಮೊದಲು ರೌಟರ್‌ನಲ್ಲಿ 3389 ಪೋರ್ಟ್ ತೆರೆದು ಆರ್‌ಡಿಪಿಯನ್ನು (ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್) ನೇರ ಇಂಟರ್‌ನೆಟ್‌ಗೆ ಬಿಟ್ಟಿದ್ದೆ. ಒಂದು ದಿನ ಸುಮ್ಮನೆ ಈವೆಂಟ್ ವ್ಯೂವರ್ ತೆಗೆದರೆ 4625, 4625, 4625. ಲಾಗಿನ್ ವಿಫಲ ಅನ್ನುವ ನಂಬರ್ ಅದು. ಕೆಳಗೆ ಎಷ್ಟು ಎಳೆದರೂ ಅದೇ. ಯಾರೋ ರಾತ್ರಿಯೆಲ್ಲ 'ಅಡ್ಮಿನಿಸ್ಟ್ರೇಟರ್' ಅಂತ ಬಾಗಿಲು ಬಡಿಯುತ್ತ ಕೂತಿದ್ದರು. 2019ರ ಮೇನಲ್ಲಿ ಬ್ಲೂಕೀಪ್ ಅನ್ನುವ ಆರ್‌ಡಿಪಿ ದೋಷ ಹೊರಬಂದಾಗ ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಡಬೇಕಾಯಿತು ಅಂದರೆ ತೆರೆದ ಆರ್‌ಡಿಪಿ ಎಂಥ ಗಂಡಾಂತರ ಅಂತ ನೀವೇ ಲೆಕ್ಕ ಹಾಕಿ. ಅವತ್ತೇ ಪೋರ್ಟ್ ಮುಚ್ಚಿ, ಕೀಲಿ ಇದ್ದವರಿಗೆ ಮಾತ್ರ ಆಫೀಸಿನ ನೆಟ್‌ವರ್ಕ್‌ಗೆ ದಾರಿ ಕೊಡುವ ವೈರ್‌ಗಾರ್ಡ್ ವಿಪಿಎನ್ ಹಾಕಿದೆ. ಹಾಕಿದ್ದು ಎಲ್ಲಿ? ಅದೇ ಮಷೀನ್‌ನಲ್ಲಿ. ಬೀಗ ಚೆನ್ನಾಗಿತ್ತು, ಕೀಲಿಯನ್ನು ಮನೆಯ ಒಳಗೇ ಇಟ್ಟಿದ್ದೆ.

ಇನ್ನು ಆ ಶನಿವಾರಕ್ಕೆ ಬರುತ್ತೇನೆ. ತಂಗಿಯ ಕುಬಸ (ಸೀಮಂತ) ಅಂತ ವಿಜಯಪುರಕ್ಕೆ ಹೋಗಿದ್ದೆ. ಸೋಮವಾರ ಬೆಳಿಗ್ಗೆ ಒಂದು ಪಂಪ್ ಕೇಸಿಂಗ್ ಫೈಲ್ ಕೊಡಬೇಕಿತ್ತು, ರಾತ್ರಿ ಲ್ಯಾಪ್‌ಟಾಪ್‌ನಿಂದ ಮುಗಿಸಿದರಾಯಿತು ಅಂತ ಧೈರ್ಯ. ಡಿಸ್ಕ್‌ನಲ್ಲಿ ಜಾಗ ಕಡಿಮೆಯಾಗಿತ್ತು. ಹೊಸ ಎನ್‌ವಿಎಂಇ ಡಿಸ್ಕ್ ತಂದಿಟ್ಟಿದ್ದೆ, ಆಫೀಸಿನ ಹುಡುಗನಿಗೆ ಫೋನ್ ಮಾಡಿ ಹಾಕು ಅಂದೆ. ಕೆಲಸದಲ್ಲಿ ಅಚ್ಚುಕಟ್ಟಾದ ಹುಡುಗ, ಸರಿಯಾಗಿಯೇ ಹಾಕಿದ. ಮಷೀನ್ ಆನ್ ಮಾಡಿದ. ನಾನಿಲ್ಲಿ ಕಾಯುತ್ತಿದ್ದೇನೆ, ವೈರ್‌ಗಾರ್ಡ್ ಹತ್ತಲಿಲ್ಲ.

"ಲೈಟ್ ಹತ್ತೇತೇನೋ?"

"ಹತ್ತೇತ್ರಿ ಸರ. ಫ್ಯಾನ್ ಸುದ್ದಾ ತಿರಗಾಕತ್ತಾವ್ರಿ. ಸ್ಕ್ರೀನ್ ಅಷ್ಟ ಕರ್ರಗ ಐತ್ರಿ."

ಸ್ಕ್ರೀನ್ ಕರ್ರಗೇ ಇರಬೇಕು, ಅದನ್ನು ಹಾಗೆ ಮಾಡಿದವನು ನಾನೇ. ರೌಟರ್ ಆಫ್ ಆನ್ ಮಾಡಿಸಿದೆ. ಕೇಬಲ್ ಬದಲು ಮಾಡಿಸಿದೆ. ಪವರ್ ಬಟನ್ ಒತ್ತಿಹಿಡಿದು ಮೂರು ಸಲ ಬಂದ್ ಮಾಡಿಸಿದೆ. ಸುತ್ತ ಕುಬಸದ ಹಾಡು, ಹೆಣ್ಣುಮಕ್ಕಳ ಗದ್ದಲ, ನಾನು ಹಿತ್ತಲಲ್ಲಿ ಒಂದು ಕಿವಿ ಮುಚ್ಚಿಕೊಂಡು ಫೋನ್‌ನಲ್ಲಿ. ಆಗ ಹುಡುಗ ಅಂದ:

"ಸರ, ಈಗ ಹಾಕಿದ್ದ ಡಿಸ್ಕ್ ತಗದು ನೋಡ್ಲೇನ್ರಿ?"

"ಏ, ಡಿಸ್ಕಿಗೂ ನೆಟ್‌ವರ್ಕಿಗೂ ಏನ್ ಸಂಬಂಧೋ? ಸುಮ್ನಿರು."

ಈ ನನ್ನ ಉತ್ತರದ ಬೆಲೆ ಸುಮಾರು ಇನ್ನೂರು ಕಿಲೋಮೀಟರ್. ಊಟವನ್ನೂ ಸರಿಯಾಗಿ ಮಾಡದೆ, ತಂಗಿಯ ಕೈಲಿ ಬೈಸಿಕೊಂಡು, ಜಮಖಂಡಿ ಮೇಲೆ ಹೋಗುವ ಬಸ್ ಹತ್ತಿದೆ. ಉದ್ಯಮಬಾಗಕ್ಕೆ ಬಂದು ತಾಸುಗಟ್ಟಲೆ ಒದ್ದಾಡಿ, ಕೊನೆಗೆ ಬೇರೇನೂ ತೋಚದೆ ಆ ಡಿಸ್ಕಿನ ಸ್ಕ್ರೂ ಬಿಚ್ಚಿ ತೆಗೆದಿಟ್ಟೆ. ಮಷೀನ್ ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ಕೂತಿತು. ಹುಡುಗ ನನ್ನ ಮುಖ ನೋಡಲಿಲ್ಲ. ಚಹಾ ತರ್ತೀನ್ರಿ ಅಂತ ಹೊರಗೆ ಹೋದ.

ಆದದ್ದು ಇಷ್ಟು. ಬೋರ್ಡಿನ ಮೇಲಿರುವ ಪ್ರತಿಯೊಂದು ಪಿಸಿಐ (ಕಾರ್ಡು, ಚಿಪ್ಪುಗಳನ್ನು ಬೋರ್ಡಿಗೆ ಜೋಡಿಸುವ ದಾರಿ) ಸಾಧನಕ್ಕೂ ಒಂದು ವಿಳಾಸ ಇರುತ್ತದೆ. ನನ್ನಲ್ಲಿ ನೆಟ್‌ವರ್ಕ್ ಚಿಪ್ 05ರಲ್ಲಿತ್ತು, ಗ್ರಾಫಿಕ್ಸ್ ಕಾರ್ಡ್ 06ರಲ್ಲಿ. ವಿಎಂನ ಸೆಟ್ಟಿಂಗ್‌ನಲ್ಲಿ ನಾನು ಬರೆದದ್ದು 'ಈ ಕಾರ್ಡ್ ಕೊಡು' ಅಂತಲ್ಲ, '06ರಲ್ಲಿರುವುದನ್ನು ಕೊಡು' ಅಂತ. ಎನ್‌ವಿಎಂಇ ಡಿಸ್ಕ್ ಕೂಡ ಪಿಸಿಐ ಸಾಧನವೇ, ಅದು ಬಂದು ಸಾಲಿನ ಮುಂದೆ ನಿಂತುಕೊಂಡಿತು, ಹಿಂದಿನವೆಲ್ಲ ಒಂದೊಂದು ಹೆಜ್ಜೆ ಸರಿದವು. ಈಗ 06ರಲ್ಲಿ ಇದ್ದದ್ದು ನೆಟ್‌ವರ್ಕ್ ಚಿಪ್. ಬೂಟ್ ಆದ ಕೂಡಲೇ ವಿಎಂ ತಾನಾಗಿ ಶುರುವಾಗಿ ಅದನ್ನು ಹಿಡಿದುಕೊಂಡಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಪಾಸ್‌ಥ್ರೂ ಒಂದೊಂದೇ ಸಾಧನವನ್ನು ನೋಡುವುದಿಲ್ಲ, ಐಒಎಂಎಂಯು ಗುಂಪನ್ನು (ಒಂದರಿಂದ ಒಂದನ್ನು ಸುರಕ್ಷಿತವಾಗಿ ಬೇರ್ಪಡಿಸಲಾಗದ ಸಾಧನಗಳ ಗುಂಪು) ನೋಡುತ್ತದೆ. ಬಿ450ಯಂಥ ಬೋರ್ಡುಗಳಲ್ಲಿ ಚಿಪ್‌ಸೆಟ್ ಕಡೆಯ ನೆಟ್‌ವರ್ಕ್, ಸಾಟಾ (ಮಾಮೂಲಿ ಡಿಸ್ಕ್‌ಗಳ ಜೋಡಣೆ), ಯುಎಸ್‌ಬಿ ಎಲ್ಲ ಸಾಮಾನ್ಯವಾಗಿ ಒಂದೇ ಗುಂಪು. ಗುಂಪಿನಲ್ಲಿ ಒಂದನ್ನು ವಿಎಂಗೆ ಕೊಟ್ಟರೆ ಉಳಿದವನ್ನೂ ಹೋಸ್ಟ್‌ನಿಂದ ಬಿಡಿಸಬೇಕಾಗುತ್ತದೆ, ಪ್ರಾಕ್ಸ್‌ಮಾಕ್ಸ್ ಕೇಳದೇ ಬಿಡಿಸುತ್ತದೆ. ನನ್ನ ಹೋಸ್ಟ್ ಕೂತಿದ್ದೇ ಸಾಟಾ ಡಿಸ್ಕ್ ಮೇಲೆ. ಮರುದಿನ ಲಾಗ್ ತೆಗೆದು ನೋಡಿದರೆ ವಿಎಂ ಸ್ಟಾರ್ಟ್ ಅನ್ನುವ ಸಾಲಿನ ನಂತರ ಏನೂ ಇಲ್ಲ. ಎರರ್ ಆದರೂ ಎಲ್ಲಿ ಬರೆಯಬೇಕು, ಡಿಸ್ಕೇ ಇರಲಿಲ್ಲ.

ಇದರ ಮೇಲೆ ಇನ್ನೊಂದು. ವಿಎಂ ಶುರುವಾಗದಿದ್ದರೂ ನೆಟ್‌ವರ್ಕ್ ಬರುತ್ತಿರಲಿಲ್ಲ. ಲಿನಕ್ಸ್ ನೆಟ್‌ವರ್ಕ್ ಕಾರ್ಡ್‌ಗೆ ಇಡುವ ಹೆಸರಿನಲ್ಲೇ ಆ ವಿಳಾಸ ಇರುತ್ತದೆ. ಇಎನ್‌ಪಿ5ಎಸ್0 ಅಂತ ಇದ್ದದ್ದು ಇಎನ್‌ಪಿ6ಎಸ್0 ಆಗಿತ್ತು, ಹೋಸ್ಟ್, ವಿಎಂಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಬ್ರಿಡ್ಜ್ ಮಾತ್ರ ಹಳೆಯ ಹೆಸರನ್ನೇ ಹುಡುಕುತ್ತಿತ್ತು.

ಸೋಮವಾರದ ಫೈಲ್ ಬುಧವಾರ ಹೋಯಿತು. ಪ್ಯಾಟರ್ನ್ ಮಾಡುವವರು ಎರಡು ದಿನ ಕೈಕಟ್ಟಿ ಕೂತರು. ಆ ಫೌಂಡ್ರಿಯಿಂದ ಮುಂದಿನ ಕೆಲಸ ಬಂದಿಲ್ಲ ಇನ್ನೂ.

ಈಗ ಏನು ಮಾಡಿದ್ದೇನೆ ಹೇಳುತ್ತೇನೆ. ವಿಎಂಗೆ ಬರೀ ವಿಳಾಸ ಕೊಡುವುದನ್ನು ಬಿಟ್ಟೆ. 2023ರಲ್ಲಿ ಬಂದ ಪ್ರಾಕ್ಸ್‌ಮಾಕ್ಸ್ 8ರಿಂದ ಈಚೆಗೆ ಡೇಟಾಸೆಂಟರ್ ಕೆಳಗೆ ರಿಸೋರ್ಸ್ ಮ್ಯಾಪಿಂಗ್ ಅಂತ ಇದೆ. ಅದರಲ್ಲಿ ಕಾರ್ಡ್ ಸೇರಿಸಿದರೆ ವಿಳಾಸದ ಜೊತೆ ಸಾಧನದ ಐಡಿಯನ್ನೂ ಇಟ್ಟುಕೊಳ್ಳುತ್ತದೆ. ಆ ಜಾಗದಲ್ಲಿ ಬೇರೆಯದೇನಾದರೂ ಕೂತಿದ್ದರೆ ವಿಎಂ ಶುರುವಾಗದೆ ಎರರ್ ಕೊಡುತ್ತದೆ. ಕೊಡಲಿ, ಸಂತೋಷ. ನೆಟ್‌ವರ್ಕ್ ಹೆಸರನ್ನು ಆ ಚಿಪ್‌ನ ಸ್ವಂತ ಗುರುತಾದ ಮ್ಯಾಕ್ ವಿಳಾಸಕ್ಕೆ ಕಟ್ಟಿಹಾಕಿದೆ, ಒಂದು ಪುಟ್ಟ ಲಿಂಕ್ ಫೈಲ್ ಸಾಕು. ಬೂಟ್ ಹೊತ್ತಿಗೇ ಕಾರ್ಡ್ ಹಿಡಿದಿಡುವ ಸೆಟ್ಟಿಂಗ್ ತೆಗೆದೆ, ವಿಎಂ ಶುರುವಾಗುವ ತನಕ ಮಾನಿಟರ್‌ನಲ್ಲಿ ಹೋಸ್ಟ್ ಕಾಣುತ್ತದೆ. ವೈರ್‌ಗಾರ್ಡ್ ಈಗ ಟೇಬಲ್ ಕೆಳಗಿನ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಇದೆ, ಈ ಮಷೀನ್ ಸತ್ತರೂ ಆಫೀಸಿನ ಒಳಗೆ ಒಂದು ಕಾಲು ಇಡಬಹುದು.

ಗುಂಪು ಒಡೆಯಲು ಎಸಿಎಸ್ ಓವರ್‌ರೈಡ್ ಹಾಕಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಅದು ಕರ್ನಲ್‌ಗೆ 'ಇವೆಲ್ಲ ಬೇರೆ ಬೇರೆ' ಅಂತ ಸುಳ್ಳು ಹೇಳುವುದಷ್ಟೇ, ಸಾಧನಗಳ ನಡುವೆ ನಿಜವಾದ ಗೋಡೆ ಏಳುವುದಿಲ್ಲ. ಗಿರಾಕಿಗಳ ಫೈಲ್ ಇರುವ ಮಷೀನ್‌ನಲ್ಲಿ ನಾನಂತೂ ಹಾಕುವುದಿಲ್ಲ.

ಆ ಎನ್‌ವಿಎಂಇ ಈಗ ಒಳಗೇ ಇದೆ. ಮೊನ್ನೆ ನಾನು ಊರಿಗೆ ಹೊರಟಾಗ ಹುಡುಗ ಕೇಳಿದ, "ಸರ, ಹೊಸಾ ರ‍್ಯಾಮ್ ಬಂದೈತ್ರಿ, ಹಾಕಿಡ್ಲೇನ್ರಿ?" ರ‍್ಯಾಮ್‌ನಿಂದ ಪಿಸಿಐ ವಿಳಾಸ ಸರಿಯುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಸ್ಕ್ರೂಡ್ರೈವರ್ ನನ್ನ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದೆ.