ಹಳೆಯ ಹೊಲಿಗೆ ಯಂತ್ರಕ್ಕೆ ವಾಕಿಂಗ್ ಫೂಟ್ ಹಾಕುವವರು ದಯವಿಟ್ಟು ಇದನ್ನು ಓದಿ

ನೇರ ಹೊಲಿಗೆಯನ್ನಷ್ಟೇ ಹಾಕುವ ಹಳೆಯ ಕಪ್ಪು ಯಂತ್ರ ನಿಮ್ಮಲ್ಲಿದೆಯೇ? ಅದಕ್ಕೆ ವಾಕಿಂಗ್ ಫೂಟ್, ಅಂದರೆ ಮೇಲಿನ ಬಟ್ಟೆಯನ್ನೂ ಸಾಗಿಸುವ ಪಾದ, ತೊಡಿಸಿ ಕೌದಿ ಹೊಲಿಯುವ ಆಲೋಚನೆ ಇದೆಯೇ? ಹಾಗಿದ್ದರೆ ಮೊದಲು ನನ್ನ ಅನುಭವ ಕೇಳಿ. ನಮ್ಮ ಅತ್ತೆಯವರು ಜೀವಮಾನವಿಡೀ ಹೊಲಿದು, ಒರೆಸಿ, ಎಣ್ಣೆ ಬಿಟ್ಟು ಕಾಪಾಡಿಕೊಂಡು ಬಂದ ಯಂತ್ರದ ಷಟಲನ್ನು (ಪ್ಲೇಟಿನ ಕೆಳಗೆ ದಾರದ ಕುಣಿಕೆ ಹಿಡಿಯುವ ಭಾಗ) ನಾನು ಎರಡೇ ಸಂಜೆಗಳಲ್ಲಿ ಹಾಳುಮಾಡಿದೆ.

ತಂಗಿಗೆಂದು ಒಂದು ಕೌದಿ ಹೊಲಿಯುತ್ತಿದ್ದೆ. ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿದ ಪದರ, ನಡುವೆ ಹತ್ತಿಯ ಹಾಸು, ಅಡಿಗೊಂದು ಬಟ್ಟೆ. ಬಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಮಾಮೂಲು ಪ್ರೆಷರ್ ಫೂಟ್‌ನಲ್ಲಿ ಇಂಥ ದಪ್ಪ ಸರಿಯಾಗಿ ಸಾಗುವುದಿಲ್ಲ. ಪ್ಲೇಟಿನಿಂದ ಮೇಲೇಳುವ ಯಂತ್ರದ ಹಲ್ಲುಗಳು ಅಡಿಯ ಬಟ್ಟೆಯನ್ನು ಎಳೆಯುತ್ತವೆ, ಮೇಲಿನ ಬಟ್ಟೆಯನ್ನು ಫೂಟ್ ತಡೆದು ಹಿಡಿಯುತ್ತದೆ. ಒಂದೊಂದು ಹೊಲಿಗೆಗೆ ಕೂದಲೆಳೆಯಷ್ಟೇ ವ್ಯತ್ಯಾಸ, ಆದರೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅದೇ ಒಂದು ನೆರಿಗೆಯಾಗಿ ಕುಳಿತಿರುತ್ತದೆ. ವಾಕಿಂಗ್ ಫೂಟ್‌ಗೆ ತನ್ನದೇ ಹಲ್ಲುಗಳಿವೆ. ಪಕ್ಕದಲ್ಲಿ ಒಂದು ಕವೆ ಇರುತ್ತದೆ, ಅದು ಸೂಜಿ ಬಿಗಿಯುವ ಸ್ಕ್ರೂವಿನ ಮೇಲೆ ಕೂರುತ್ತದೆ. ಸೂಜಿ ಮೇಲೆ ಕೆಳಗೆ ಆಡಿದಂತೆ ಕವೆಯೂ ಆಡಿ, ಆ ಹಲ್ಲುಗಳು ಮೇಲಿನ ಬಟ್ಟೆಯನ್ನು ಹಿಡಿದು ಕೆಳಗಿನವುಗಳ ಜೊತೆಯಲ್ಲೇ ಹಿಂದಕ್ಕೆ ಸರಿಸುತ್ತವೆ. ಉಪಾಯ ಒಳ್ಳೆಯದೇ. ನನ್ನ ಯಂತ್ರಕ್ಕೆ ಅದು ಹೊಂದುತ್ತದೆಯೇ ಎಂದು ನೋಡದೆ ಹಾಕಿದ್ದು ತಪ್ಪು.

ಕೊಳ್ಳುವಾಗ ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಶ್ಯಾಂಕ್, ಅಂದರೆ ಫೂಟ್ ಕೂರುವ ಕಾಲಿನ ಎತ್ತರ ಎಷ್ಟು? ಫೂಟ್ ಕೆಳಗಿಳಿಸಿದಾಗ ಪ್ಲೇಟಿನಿಂದ ಫೂಟ್ ಬಿಗಿಯುವ ಸ್ಕ್ರೂವಿನವರೆಗೆ ಸುಮಾರು ಅರ್ಧ ಇಂಚು ಇದ್ದರೆ ಲೋ ಶ್ಯಾಂಕ್, ಸುಮಾರು ಒಂದು ಇಂಚು ಇದ್ದರೆ ಹೈ ಶ್ಯಾಂಕ್. ಸಿಂಗರ್ 301, 401 ಮಾದರಿಗಳಂತೆ ಸೂಜಿ ಓರೆಯಾಗಿ ಇಳಿಯುವ ಯಂತ್ರಗಳದ್ದು ಬೇರೆಯೇ, ಅವಕ್ಕೆ ಈ ಎರಡೂ ಕೂರುವುದಿಲ್ಲ. ನನ್ನದು ಲೋ ಶ್ಯಾಂಕ್. ಕೊಂಡು ತಂದೆ, ಸ್ಕ್ರೂ ಕೂತಿತು, ಸರಿಹೋಯಿತು ಎಂದುಕೊಂಡೆ.

ಹಲ್ಲುಗಳ ಅಗಲ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ನೇರ ಹೊಲಿಗೆಯ ಹಳೆಯ ಯಂತ್ರಗಳ ಹಲ್ಲುಸಾಲುಗಳು ಒಂದಕ್ಕೊಂದು ಬಹಳ ಹತ್ತಿರ ಇರುತ್ತವೆ. ಈಗ ಸಾಮಾನ್ಯವಾಗಿ ಸಿಗುವ ವಾಕಿಂಗ್ ಫೂಟ್‌ಗಳು ಜಿಗ್‌ಜಾಗ್ ಯಂತ್ರಗಳಿಗೆಂದು ಮಾಡಿದವು, ಸೂಜಿ ಅತ್ತಿತ್ತ ಓಡಾಡಲು ಜಾಗ ಬೇಕಾದ್ದರಿಂದ ಅವುಗಳ ಹಲ್ಲುಗಳು ದೂರದೂರ. ಹಾಗಾಗಿ ನನ್ನ ಫೂಟ್‌ನ ಹಲ್ಲುಗಳು ಯಂತ್ರದ ಹಲ್ಲುಗಳ ಮೇಲೆ ಬೀಳದೆ ಬರಿಯ ಪ್ಲೇಟಿನ ಮೇಲೆ ಬೀಳುತ್ತಿದ್ದವು. ಕೆಳಗಿನಿಂದ ಆಸರೆ ಸಿಗದ ಬಟ್ಟೆಯನ್ನು ಅವು ಒತ್ತಿ ಹಿಡಿದವೇ ಹೊರತು ಸಾಗಿಸಲಿಲ್ಲ. ನೆರಿಗೆ ಮೊದಲಿಗಿಂತ ಹೆಚ್ಚೇ ಬಿತ್ತು. ಆಮೇಲೆ ಬೆಳಕಿಗೆ ಹಿಡಿದು ನೋಡಿದಾಗ ಪ್ಲೇಟಿನ ಎರಡೂ ಬದಿಗೆ ಉಗುರಿನಷ್ಟು ಉದ್ದದ ಎರಡು ಹೊಳೆಯುವ ಗೀರುಗಳು ಕಂಡವು. ಬಟ್ಟೆ ಇಲ್ಲದೆ ಚಕ್ರ ತಿರುಗಿಸಿ ಪರೀಕ್ಷಿಸುತ್ತಿದ್ದೆನಲ್ಲ, ಆಗ ಲೋಹಕ್ಕೆ ಲೋಹ ಉಜ್ಜಿ ಬಿದ್ದ ಗೀರುಗಳು ಅವು. ಹಲ್ಲುಗಳು ಹತ್ತಿರವಿರುವ, ನೇರ ಹೊಲಿಗೆಯ ಯಂತ್ರಗಳಿಗೆಂದೇ ಮಾಡಿದ ಕಿರಿದಾದ ವಾಕಿಂಗ್ ಫೂಟ್‌ಗಳೂ ಬರುತ್ತವೆ. ಅದು ಸಿಗದಿದ್ದರೆ ಕೊಳ್ಳಲೇಬೇಡಿ ಎನ್ನುವಷ್ಟು ಖಚಿತವಾಗಿ ಹೇಳುತ್ತೇನೆ.

ನಿಜವಾದ ಅನಾಹುತ ಆದದ್ದು ಕವೆಯಿಂದ. ನನ್ನ ಯಂತ್ರದ ಸೂಜಿಯ ಸ್ಕ್ರೂ ದಪ್ಪ ತಲೆಯದು. ಕವೆ ಅದರ ಸುತ್ತ ಸಲೀಸಾಗಿ ಕೂರದೆ ಪ್ರತಿ ಹೊಲಿಗೆಗೂ ತಟ್ಟುತ್ತಿತ್ತು. ಟಿಕ್, ಟಿಕ್ ಎಂಬ ಸಣ್ಣ ಸದ್ದು. ವಾಕಿಂಗ್ ಫೂಟ್ ಹೇಗೂ ಸದ್ದು ಮಾಡುತ್ತದೆ ಎಂದು ಕೇಳಿದ್ದರಿಂದ ಸುಮ್ಮನಿದ್ದೆ. ಹೀಗೆ ತಟ್ಟಿಸಿಕೊಂಡ ಸ್ಕ್ರೂ ಎಳೆಎಳೆಯಾಗಿ ಸಡಿಲವಾಯಿತು, ಸೂಜಿ ಚೂರೇ ಚೂರು ಕೆಳಗೆ ಜಾರಿತು. ಮೊದಲು ಅಲ್ಲೊಂದು ಇಲ್ಲೊಂದು ಹೊಲಿಗೆ ಬಿಟ್ಟುಹೋಗತೊಡಗಿತು. ಷಟಲ್‌ನ ಮೊನೆಗೆ ದಾರದ ಕುಣಿಕೆ ಸಿಗಬೇಕಾದರೆ ಸೂಜಿ ತನ್ನ ಎತ್ತರದಲ್ಲೇ ಇರಬೇಕು. ನಾನೋ ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಗಿಸಿದೆ, ದಾರ ಬದಲಿಸಿದೆ, ಬಾಬಿನ್ ಮತ್ತೆ ಸುತ್ತಿದೆ. ಸೂಜಿಯನ್ನು ಮಾತ್ರ ಮುಟ್ಟಿ ನೋಡಲಿಲ್ಲ. ಕೊನೆಗೆ ಒಂದು ದಪ್ಪ ಕೂಡುಗೆರೆಯ ಮೇಲೆ ಹೋಗುವಾಗ ಟಕ್ ಎಂದಿತು, ಚಕ್ರ ನಿಂತೇ ಹೋಯಿತು. ಸೂಜಿ ಜಾರಿ ಷಟಲ್‌ಗೆ ಬಡಿದು ತುಂಡಾಗಿತ್ತು.

ಅಲ್ಲಿಗೇ ನಿಲ್ಲಿಸಿದ್ದರೂ ನಷ್ಟ ಕಡಿಮೆಯಾಗುತ್ತಿತ್ತು. ಹೊಸ ಸೂಜಿ ಹಾಕಿ ಮಾರನೆಯ ಸಂಜೆ ಮತ್ತೆ ಹೊಲಿಯಲು ಕುಳಿತೆ. ದಾರ ಗೇಣುದ್ದ ಹೋಗುವಷ್ಟರಲ್ಲಿ ಹಿಂಜಿ ನಾರಾಗಿ ಹರಿಯುತ್ತಿತ್ತು. ಒಂದಿಡೀ ಸಂಜೆ ದಾರವನ್ನು ಬೈದುಕೊಂಡು ಕಳೆದೆ. ರಿಪೇರಿಯವರು ಷಟಲನ್ನು ಹೊರತೆಗೆದು, ದೀಪದ ಕೆಳಗೆ ಹಿಡಿದು, "ಇಲ್ಲಿ ಉಗುರು ಆಡಿಸಿ ನೋಡಿ ಅಮ್ಮಾ" ಎಂದರು. ಮೊನೆಯ ಹತ್ತಿರ ಉಗುರು ಕಚ್ಚಿತು. ಕಣ್ಣಿಗೆ ಕಾಣದಷ್ಟು ಸಣ್ಣ ಗೀಟು, ಪ್ರತಿ ಹೊಲಿಗೆಗೂ ದಾರವನ್ನು ಗರಗಸದಂತೆ ಕೊಯ್ಯುತ್ತಿತ್ತು. ಪ್ಲೇಟಿನ ಸೂಜಿರಂಧ್ರದ ಅಂಚನ್ನು ಅವರು ನುಣ್ಣನೆಯ ಎಮರಿ ಕಾಗದದಲ್ಲಿ ಉಜ್ಜಿ ಸರಿಮಾಡಿದರು, ಷಟಲನ್ನು ಬದಲಾಯಿಸಲೇಬೇಕಾಯಿತು. ಒಳಗೆ ಸಿಕ್ಕಿಕೊಂಡಿದ್ದ ಸೂಜಿಯ ತುದಿಯೂ ಆಗಲೇ ಹೊರಬಂತು. ಅದು ಒಳಗಿರುವಾಗಲೇ ನಾನು ಹೊಲಿದಿದ್ದೆ! ಸೂಜಿ ಮುರಿದರೆ ಎಲ್ಲ ತುಂಡುಗಳೂ ಕೈಗೆ ಸಿಗುವವರೆಗೆ ಚಕ್ರ ತಿರುಗಿಸಬೇಡಿ. ರಂಧ್ರದ ಸುತ್ತ ಒಂದೆಳೆ ಹತ್ತಿ ಸವರಿ ನೋಡಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಗೀಟು ಬಿದ್ದಿದೆ ಎಂದೇ ಅರ್ಥ.

ಸರಿಯಾದ ಫೂಟ್ ಸಿಕ್ಕವರು ಹಾಕಿದ ಕೂಡಲೇ ಪೆಡಲ್ ತುಳಿಯಬೇಡಿ. ಫೂಟ್‌ನ ಸ್ಕ್ರೂವನ್ನು ಬೆರಳಲ್ಲಿ ತಿರುಗಿಸಿ ಬಿಡದೆ ಸ್ಕ್ರೂಡ್ರೈವರ್‌ನಲ್ಲಿ ಬಿಗಿಮಾಡಿ, ಸೂಜಿಯದ್ದನ್ನೂ ಹಾಗೆಯೇ. ಅಡಿಗೆ ಎರಡು ಪದರ ಬಟ್ಟೆ ಇಟ್ಟು ಚಕ್ರವನ್ನು ಕೈಯಿಂದಲೇ ನಿಧಾನವಾಗಿ ಹತ್ತು ಸುತ್ತು ತಿರುಗಿಸಿ. ಸೂಜಿ ಫೂಟ್‌ನ ಯಾವ ಅಂಚಿಗೂ ತಾಗಬಾರದು, ಕವೆ ಸ್ಕ್ರೂವಿನಿಂದ ಜಾರಬಾರದು, ಎಲ್ಲೂ ಬಿಗಿ ಅನ್ನಿಸಬಾರದು. ಹೊಲಿಯುವಾಗ ಪ್ರತಿ ಬಾಬಿನ್ ಮುಗಿದಾಗಲೂ ಎರಡೂ ಸ್ಕ್ರೂಗಳನ್ನು ಮುಟ್ಟಿ ನೋಡಿ. ಹಿಂದಕ್ಕೆ ಹೊಲಿಯಬೇಡಿ, ಈ ಫೂಟ್ ಮುಂದಕ್ಕೆ ಹೊಲಿಯಲೆಂದೇ ಇರುವುದು. ಸಾಲಿನ ಆರಂಭದಲ್ಲೂ ಕೊನೆಯಲ್ಲೂ ದಾರ ಉದ್ದ ಬಿಟ್ಟು, ಗಂಟು ಹಾಕಿ, ಕೈಸೂಜಿಯಿಂದ ಪದರಗಳ ನಡುವೆ ಹುದುಗಿಸಿದರೆ ಸಾಕು. ವೇಗವಂತೂ ಬೇಡವೇ ಬೇಡ.

ನಾನು ಆ ಫೂಟನ್ನು ಮತ್ತೆ ಹಾಕಲಿಲ್ಲ. ಕೌದಿಯ ಉಳಿದ ಭಾಗಕ್ಕೆ ನಾಲ್ಕು ಬೆರಳಿಗೊಂದರಂತೆ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿದೆ. ಯಂತ್ರದ ತಲೆಯ ಮೇಲಿನ ತಿರುಪನ್ನು ಸಡಿಲಿಸಿ ಫೂಟ್‌ನ ಒತ್ತಡ ಇಳಿಸಿದೆ, ಹೊಲಿಗೆಯನ್ನು ಇಂಚಿಗೆ ಎಂಟರಷ್ಟು ಉದ್ದ ಮಾಡಿಕೊಂಡೆ. ಮಾಮೂಲು ಫೂಟ್‌ನಲ್ಲೇ, ಮಧ್ಯದಿಂದ ಅಂಚಿನ ಕಡೆಗೆ ಸಾಲುಸಾಲಾಗಿ ಹೊಲಿದು ಮುಗಿಸಿದೆ. ಒಂದೂ ನೆರಿಗೆ ಬೀಳಲಿಲ್ಲ. ಮೊದಲೆರಡು ಸಂಜೆ ಹೊಲಿದ ಸಾಲುಗಳನ್ನು ಮಾತ್ರ ಈಗ ಒಂದೊಂದಾಗಿ ಬಿಚ್ಚುತ್ತಿದ್ದೇನೆ.