ಒಂದೇ ನಲ್ಲಿ, ಮೂರು ಬಗೆಯ ನೀರು

ನಗರದ ನಲ್ಲಿ ನೀರನ್ನು ಹೇಗೆ ಕುಡಿಯಬೇಕು ಎಂಬುದಕ್ಕೆ ನಮ್ಮ ಮನೆಯಲ್ಲಿ ಮೂವರದು ಮೂರು ಮಾತು: ಕುದಿಸಿ, ಯುವಿ (ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ) ಯಂತ್ರ ಹಾಕಿಸಿ, ಆರ್‌ಒ (ಸೂಕ್ಷ್ಮ ಪೊರೆಯ ಮೂಲಕ ನೀರು ಸೋಸುವ ಯಂತ್ರ) ತನ್ನಿ. ಮಕ್ಕಳು ಕುಡಿಯುವ ನೀರು. ಊಹೆಯ ಮೇಲೆ ಬಿಡಲು ಮನಸ್ಸಾಗಲಿಲ್ಲ. ಒಂದು ತಿಂಗಳು ಮೂರನ್ನೂ ಪರೀಕ್ಷಿಸಿದೆ.

ಮೊದಲು ನೀರಿನ ಸ್ಥಿತಿ ಏನೆಂದು ತಿಳಿಯಬೇಕಿತ್ತು. ನೇರ ನಲ್ಲಿಯ ನೀರಿಗೆ ಕ್ಲೋರಿನ್ ಪರೀಕ್ಷೆಯ ಮಾತ್ರೆ ಹಾಕಿದೆ, ಚೆನ್ನಾಗಿ ಗುಲಾಬಿ ಬಣ್ಣಕ್ಕೆ ತಿರುಗಿತು. ಅದೇ ನೀರು ತಾರಸಿಯ ಟ್ಯಾಂಕಿನಲ್ಲಿ ಎರಡು ದಿನ ನಿಂತ ಮೇಲೆ ಬಣ್ಣವೇ ಬರಲಿಲ್ಲ. ನಲ್ಲಿಗೆ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಕಾವಲು ನಮ್ಮ ಟ್ಯಾಂಕಿನಲ್ಲೇ ಕರಗಿಹೋಗುತ್ತಿತ್ತು. ಇನ್ನೊಂದು ಅಪಾಯ ಕೊಳವೆಯದು. ಪೂರೈಕೆ ನಿಂತಾಗ ಒತ್ತಡ ಇಳಿಯುತ್ತದೆ, ಬಿರುಕುಗಳಿಂದ ಸುತ್ತಲಿನ ಕೊಳಚೆ ಒಳಗೆ ಸೇರಬಹುದು. ನೀರು ಬಿಟ್ಟ ಕೂಡಲೇ ಬರುವ ಕದಡಿದ ಮೊದಲ ಬಕೆಟ್ಟನ್ನು ಅಂದಿನಿಂದ ಗಿಡಗಳಿಗೆ ಹಾಕುತ್ತಿದ್ದೇನೆ.

ಆರ್‌ಒ ನೀರು ನಾಲಿಗೆಗೆ ಹಗುರ. ಟಿಡಿಎಸ್, ಅಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವ ಲವಣಗಳ ಮಿಲಿಗ್ರಾಂ ಲೆಕ್ಕ, 280ರಿಂದ 30ಕ್ಕೆ ಇಳಿಯಿತು. ಆದರೆ 600ರ ಒಳಗಿನ ನೀರು ರುಚಿಗೆ ಚೆನ್ನಾಗಿಯೇ ಇರುತ್ತದೆ. ಇಲ್ಲದ ತೊಂದರೆಗೆ ಮದ್ದು ಮಾಡಿದಂತಾಯಿತು. ಮೇಲಾಗಿ ಒಂದು ಬಿಂದಿಗೆ ತುಂಬುವಷ್ಟರಲ್ಲಿ ಮೂರು ಬಿಂದಿಗೆಯಷ್ಟು ನೀರು ಚರಂಡಿ ಸೇರುವುದನ್ನು ನೋಡಿ ಹೊಟ್ಟೆ ಉರಿಯಿತು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ, ಆರ್ಸೆನಿಕ್ ಇದ್ದರೆ, ನೀರು ಉಪ್ಪಾಗಿದ್ದರೆ ಇದು ಬೇಕೇ ಬೇಕು. ಅವನ್ನು ಕುದಿಸಿ ತೆಗೆಯಲಾಗದು, ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಪ್ರಯೋಗಾಲಯದ ವರದಿ ನೋಡದೆ ಟಿಡಿಎಸ್ ಮೀಟರ್ ತೋರಿಸಿ ಯಂತ್ರ ಮಾರುವವರನ್ನು ನಂಬಬೇಡಿ. ಆ ಮೀಟರಿಗೆ ರೋಗಾಣು ಕಾಣುವುದೇ ಇಲ್ಲ.

ಯುವಿ ವೇಗದ್ದು, ನೀರು ಪೋಲಾಗುವುದಿಲ್ಲ. ತಿಳಿನೀರಿಗೆ ಒಳ್ಳೆಯದೇ. ಕದಡಿದ ನೀರಿನಲ್ಲಿ ರೋಗಾಣುಗಳು ಕಣಗಳ ಮರೆಯಲ್ಲಿ ಉಳಿದುಬಿಡುತ್ತವೆ, ವಿದ್ಯುತ್ ಹೋದರೆ ಯಂತ್ರ ಸುಮ್ಮನಾಗುತ್ತದೆ.

ನನ್ನ ಓಟು ಕುದಿಸುವುದಕ್ಕೆ. ನೀರು ಕೊತಕೊತ ಕುದಿದು ಒಂದು ನಿಮಿಷವಾದರೆ ಸಾಕು; 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಕ್ಲೋರಿನ್‌ಗೆ ಬಗ್ಗದ ಕ್ರಿಪ್ಟೋಸ್ಪೊರಿಡಿಯಂ ಎಂಬ ಭೇದಿ ತರುವ ಪರಾವಲಂಬಿ ಕೂಡ ಇದರಲ್ಲಿ ಸಾಯುತ್ತದೆ. ಇಂಧನದ ಖರ್ಚು, ಆರಿಸುವ ಕಾಯುವಿಕೆ ಇದ್ದದ್ದೇ.

ಆದರೂ ಒಂದು ಬೆಳಿಗ್ಗೆ ಎದೆ ಧಸಕ್ಕೆಂದಿತು. ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಸೀಸೆಗಳಲ್ಲಿ ಎರಡು ದಿನದ ಹಿಂದೆ ನೀರು ತುಂಬಿಟ್ಟಿದ್ದೆ. ಒಲೆಯಿಂದ ಇಳಿಸಿದ ಪಾತ್ರೆಯ ನೀರಿನ ಸೀಸೆ ತಿಳಿಯಾಗಿತ್ತು. ಅದೇ ನೀರನ್ನು ಬಿಂದಿಗೆಗೆ ಸುರಿದು, ದಿನವಿಡೀ ಎಲ್ಲರೂ ಲೋಟ ಅದ್ದಿ ಕುಡಿದ ಮೇಲೆ ತುಂಬಿದ ಸೀಸೆ ಇದ್ದಿಲಿನಂತೆ ಕಪ್ಪು! ಕುದಿಸಿದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಒಂದು ಕೊಳಕು ಬೆರಳು ತಾಗಿದರೂ ತಡೆಯುವವರಿಲ್ಲ. ಈಗ ಕುದಿಸಿದ ನೀರು ಮುಚ್ಚಳವಿರುವ, ಕೆಳಗೆ ನಲ್ಲಿ ಜೋಡಿಸಿದ ಪಾತ್ರೆಗೆ ಹೋಗುತ್ತದೆ. ಆಮೇಲೆ ತುಂಬಿಟ್ಟ ನಾಲ್ಕು ಸೀಸೆಗಳಲ್ಲಿ ಒಂದೂ ಕಪ್ಪಾಗಿಲ್ಲ.