ಫುಡ್ ಬ್ಲಾಗಿಂಗ್ ತರಬೇತಿ: ಮೊದಲ ದಿನಕ್ಕೆ ಪೂರ್ತಿ ಅಂಕ, ಎರಡನೆಯ ದಿನಕ್ಕೆ ಅರ್ಧ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಶನಿವಾರ, ಭಾನುವಾರ ನಡೆಯುವ ಫುಡ್ ಮತ್ತು ಲೈಫ್‌ಸ್ಟೈಲ್ ಬ್ಲಾಗಿಂಗ್ ತರಬೇತಿಗೆ ಹೋಗಿಬಂದೆ. ಫೀ 4500 ರೂಪಾಯಿ, ಎರಡೂ ದಿನದ ಊಟ, ಚಹಾ ಅದರಲ್ಲೇ ಸೇರಿದೆ. ಅಡುಗೆಯ ಬರಹ, ವಿಡಿಯೊಗಳನ್ನೇ ದುಡಿಮೆ ಮಾಡಿಕೊಳ್ಳಬೇಕು ಅಂದುಕೊಂಡಿರುವ ನಮ್ಮ ಧಾರವಾಡದ ಗೆಳತಿಯರು ‘ಅಷ್ಟು ದುಡ್ಡು ಕೊಡಬಹುದೇನು?’ ಅಂತ ಕೇಳುತ್ತಲೇ ಇದ್ದಾರೆ. ಅವರಿಗಾಗಿ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ನಡೆಸುವವರ ಹೆಸರು ಹಾಕಿಲ್ಲ. ಬ್ಯಾಚು ಬದಲಾದಂತೆ ಕಲಿಸುವವರೂ ಬದಲಾಗುತ್ತಾರೆ. ಹೆಸರಿಗಿಂತ ಏನು ಕಲಿಸಿದರು ಅನ್ನುವುದೇ ಮುಂದೆ ಸೇರುವವರ ಉಪಯೋಗಕ್ಕೆ ಬರುತ್ತದೆ.

ಮೊದಲ ದಿನ ಕಲಿಸಿದವರು ಬೆಳಗಾವಿಯ ಒಬ್ಬ ಯುವ ಫೋಟೊಗ್ರಾಫರ್. ಕ್ಯಾಮೆರಾ ಕೊಳ್ಳಿ, ಲೆನ್ಸ್ ಕೊಳ್ಳಿ ಅಂತ ಒಮ್ಮೆಯೂ ಹೇಳಲಿಲ್ಲ. ಒಳಗೆ ಬಂದವರೇ ‘ಅಕ್ಕಾರ, ಮೊದಲ ಆ ಟ್ಯೂಬ್‌ಲೈಟ್ ಆರಿಸ್ರಿ’ ಅಂದರು. ಕಿಟಕಿಯ ಬೆಳಕೂ ದೀಪದ ಬೆಳಕೂ ಬೆರೆತರೆ ಪದಾರ್ಥದ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ ಆಗುತ್ತದೆ, ಆಮೇಲೆ ಎಷ್ಟು ತಿದ್ದಿದರೂ ಅದು ಸರಿಹೋಗುವುದಿಲ್ಲ. ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿ, ತಾಟಿನ ಇನ್ನೊಂದು ಬದಿಗೆ ಥರ್ಮಾಕೋಲ್ ಹಾಳೆ ನಿಲ್ಲಿಸಿದರು. ಮನೆಯಲ್ಲಿ ಇರುವ ಸಾಮಾನಿನಲ್ಲೇ ಬೆಳಕು ಮೆತ್ತಗಾಯಿತು.

ಅಲ್ಲಿಂದ ಮುಂದೆ ಕಲಿತದ್ದು ನನ್ನ ಕೆಲಸವನ್ನೇ ಬದಲಿಸಿದೆ. ನಮ್ಮ ಭಾಗದ ಊಟದ ತಾಟಿನಲ್ಲಿ ಬೆಳ್ಳನೆಯ ಜೋಳದ ರೊಟ್ಟಿ ಒಂದು ಕಡೆ, ಕಪ್ಪಗೆ ಹೊಳೆಯುವ ಬದನೆಕಾಯಿ ಎಣ್ಣೆಗಾಯಿ ಇನ್ನೊಂದು ಕಡೆ. ಫೋನಿನಲ್ಲಿ ತೆಗೆದಾಗ ರೊಟ್ಟಿ ಯಾಕೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಎಣ್ಣೆಗಾಯಿ ಯಾಕೆ ಪೇಲವ ಕಾಣುತ್ತದೆ ಅನ್ನುವುದನ್ನು ಅವರು ಮಾಡಿ ತೋರಿಸಿದರು. ಎದುರಿಗೆ ಏನಿದ್ದರೂ ಅದನ್ನು ನಡುಮಟ್ಟದ ಬೆಳಕಿಗೆ ತರಲು ಕ್ಯಾಮೆರಾ ನೋಡುತ್ತದೆ. ಬಿಳಿಯದನ್ನು ಕಂದಿಸುತ್ತದೆ, ಕಪ್ಪನ್ನು ತಿಳಿಯಾಗಿಸುತ್ತದೆ. ಪರದೆಯ ಮೇಲೆ ರೊಟ್ಟಿಯನ್ನು ಮುಟ್ಟಿ, ಬೆರಳನ್ನು ಸ್ವಲ್ಪ ಮೇಲಕ್ಕೆ ಎಳೆದು ಬೆಳಕು ಏರಿಸಬೇಕು. ಎಣ್ಣೆಗಾಯಿಗೆ ಕೆಳಕ್ಕೆ ಎಳೆದು ಇಳಿಸಬೇಕು. ಆಮೇಲೆ ಹಂಚಿನ ಮೇಲೆ ರೊಟ್ಟಿ ಹಾಕಿ, ಒದ್ದೆ ಬಟ್ಟೆ ಸವರಿ, ಅದು ಉಬ್ಬುವ ಹೊತ್ತಿಗೆ ಹಬೆಯನ್ನು ಹಿಡಿಯುವುದು ಹೇಗೆಂದು ತೋರಿಸಿದರು. ಹಬೆಗೆ ಹಿಂದಿನಿಂದ ಬೆಳಕು ಬೀಳಬೇಕು, ಅದರ ಹಿಂದೆ ಕಪ್ಪು ಬಟ್ಟೆ ಇರಬೇಕು. ಎದುರಿನಿಂದ ಬೆಳಕು ಬಿದ್ದರೆ ಎಷ್ಟು ಬಿಸಿ ರೊಟ್ಟಿಯಾದರೂ ಫೋಟೊದಲ್ಲಿ ತಣ್ಣಗಿರುತ್ತದೆ. ರೊಟ್ಟಿ ಬಡಿಯುವ ಸದ್ದನ್ನೂ ಹಾಡು ಹಾಕಿ ಮುಚ್ಚಬೇಡಿ, ನೋಡುವವರನ್ನು ಹಿಡಿದು ನಿಲ್ಲಿಸುವುದೇ ಆ ಸದ್ದು ಅಂದರು. ಈ ಮಾತಿಗೆ ನನ್ನ ಪೂರ್ತಿ ಸಹಮತ ಇದೆ.

ಮಧ್ಯಾಹ್ನದ ಪಾಠ ರೆಸಿಪಿ ಬರೆಯುವುದು. ಎಲ್ಲರೂ ಗಿರ್ಮಿಟ್ ಮಾಡುವ ವಿಧಾನ ಬರೆಯಬೇಕು. ಪಕ್ಕದವರು ಆ ಹಾಳೆಯಲ್ಲಿ ಇದ್ದಷ್ಟನ್ನೇ ಓದಿಕೊಂಡು ಮಾಡಬೇಕು, ಬಾಯಿಬಿಟ್ಟು ಏನೂ ಕೇಳುವಂತಿಲ್ಲ. ನನ್ನ ಪಕ್ಕದಲ್ಲಿದ್ದವರು ನಿವೃತ್ತ ಶಾಲಾ ಶಿಕ್ಷಕಿ. ಕೈರುಚಿ ಬಲ್ಲವರು, ಆದರೆ ಅವರ ಹಾಳೆಯಲ್ಲಿ ಮಂಡಕ್ಕಿಯನ್ನು ಯಾವಾಗ ಬೆರೆಸಬೇಕು ಅನ್ನುವುದು ಇರಲಿಲ್ಲ. ಈರುಳ್ಳಿ, ಟೊಮೆಟೊ, ಹುಣಸೆಯ ಬಿಸಿ ಗೊಜ್ಜಿಗೆ ಮಂಡಕ್ಕಿ ಮೊದಲೇ ಬಿದ್ದು, ಪುಠಾಣಿ ಹಿಟ್ಟು, ಸೇವು ಉದುರಿಸುವಷ್ಟರಲ್ಲಿ ಮುದ್ದೆಯಾಗಿತ್ತು. ತಟ್ಟೆ ನೋಡಿದ ಟೀಚರ್ ತಾವೇ ಪೆನ್ನು ತೆಗೆದುಕೊಂಡು ‘ತಿನ್ನೂ ಹೊತ್ತಿಗಷ್ಟ ಕಲಸ್ರಿ’ ಅಂತ ಸೇರಿಸಿದರು. ಅಡುಗೆ ಬರಹದಲ್ಲಿ ಏನು ಮುಖ್ಯ ಅನ್ನುವುದಕ್ಕೆ ಆ ಒಂದು ಸಾಲು ಸಾಕು. ವಾಟಿ ಒಂದೊಂದು ಮನೆಯಲ್ಲಿ ಒಂದೊಂದು ಅಳತೆ, ಹಾಗಾಗಿ ಶೇಂಗಾ ಚಟ್ನಿಪುಡಿಯಂಥದ್ದಕ್ಕೆ ಗ್ರಾಂ ಲೆಕ್ಕವನ್ನೂ ಕೊಡಿ ಅಂತ ಕಲಿಸುವವರು ಹೇಳಿದರು. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಕೊಳ್ಳಿ ಅಂದದ್ದು ಇಡೀ ದಿನದಲ್ಲಿ ಅವರು ಮಾಡಿಸಿದ ಒಂದೇ ಖರ್ಚು.

ಲೈಫ್‌ಸ್ಟೈಲ್ ಭಾಗಕ್ಕೆ ಒಂದು ಗಂಟೆ ಕೊಟ್ಟಿದ್ದರು. ಮನೆ ಅಲಂಕಾರ, ಇಳಕಲ್ ಸೀರೆ, ಪ್ರವಾಸ ಎಲ್ಲವನ್ನೂ ಮುಟ್ಟಿ ಬಿಟ್ಟರು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಭಾನುವಾರ ಬಂದವರು ಡಿಜಿಟಲ್ ಮಾರ್ಕೆಟಿಂಗ್‌ನವರು. ಹಣದ ವಿಷಯ ಹೇಳಬೇಕಿದ್ದ ದಿನ ಇದು, ನನಗೆ ನಿರಾಸೆಯಾದದ್ದೂ ಇಲ್ಲೇ. ಯೂಟ್ಯೂಬಿನಲ್ಲಿ ಜಾಹೀರಾತಿನ ದುಡ್ಡು ಬರಬೇಕಾದರೆ 1000 ಸಬ್‌ಸ್ಕ್ರೈಬರ್ ಇರಬೇಕು, ಜೊತೆಗೆ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್ ಅನ್ನುವ ಚಿಕ್ಕ ವಿಡಿಯೊಗಳಿಗೆ 1 ಕೋಟಿ ವೀಕ್ಷಣೆ ಆಗಬೇಕು. ಇಷ್ಟನ್ನು ಸರಿಯಾಗಿ ಹೇಳಿದರು. ಅದರ ಮುಂದಿನದನ್ನು ಹೇಳಲಿಲ್ಲ. ಉದ್ದದ ವಿಡಿಯೊದ ಜಾಹೀರಾತು ಹಣದಲ್ಲಿ ನಮ್ಮ ಪಾಲು ಶೇ 55, ಶಾರ್ಟ್ಸ್‌ನಲ್ಲಿ ಶೇ 45. ಜಾಹೀರಾತಿನ ಹಣ ಜಮೆಯಾಗುವ ಗೂಗಲ್‌ನ ಆಡ್‌ಸೆನ್ಸ್ ಖಾತೆಯಲ್ಲಿ 100 ಡಾಲರ್ ತುಂಬುವವರೆಗೆ ಬ್ಯಾಂಕಿಗೆ ಏನೂ ಬರುವುದಿಲ್ಲ. ಕೆಲಸ ಬಿಟ್ಟು ಇದಕ್ಕೆ ಇಳಿಯಬೇಕು ಅಂತ ಕುಳಿತಿದ್ದ ಹುಡುಗಿಯರ ಮುಂದೆ ಮೊದಲು ಹೇಳಬೇಕಾದ ಲೆಕ್ಕ ಇದು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಹೋಟೆಲ್ ವಿಮರ್ಶೆಯ ಪಾಠ. ‘ಹೊಸ ಹೋಟೆಲಿಗೆ ಫೋನ್ ಮಾಡಿ, ನಾಲ್ಕು ಜನರ ಊಟ ಪುಕ್ಕಟೆ ಕೇಳಿ, ಬದಲಿಗೆ ಒಂದು ರೀಲ್ ಹಾಕಿ’ ಅಂದರು. ಊಟ ಪುಕ್ಕಟೆ ಅಂತ ರೀಲಿನಲ್ಲಿ ಹೇಳಬೇಕಲ್ಲವೇ ಸರ್ ಅಂತ ಕೇಳಿದೆ. ‘ಹೇಳಿದ್ರೆ ವ್ಯೂಸ್ ಬೀಳುತ್ತೆ ಮೇಡಂ’ ಅನ್ನುವ ಉತ್ತರ ಬಂತು. ಇದು ತಪ್ಪು ಪಾಠ, ಅಪಾಯದ ಪಾಠ ಕೂಡ. ಜಾಹೀರಾತು ಮಾನದಂಡ ಮಂಡಳಿ ಆಸ್ಕಿ ಇನ್‌ಫ್ಲುಯೆನ್ಸರ್‌ಗಳಿಗಾಗಿ 2021ರಲ್ಲೇ ನಿಯಮ ತಂದಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದುಡ್ಡೇ ಪಡೆಯಬೇಕೆಂದಿಲ್ಲ, ಪುಕ್ಕಟೆ ವಸ್ತು, ಪ್ರವಾಸ, ಹೋಟೆಲ್ ವಾಸ್ತವ್ಯ ಪಡೆದಿದ್ದರೂ ಅದನ್ನು ಎದ್ದು ಕಾಣುವಂತೆ ತಿಳಿಸಬೇಕು, ಹ್ಯಾಷ್‌ಟ್ಯಾಗುಗಳ ರಾಶಿಯಲ್ಲಿ ಹುದುಗಿಸುವಂತಿಲ್ಲ. ವಿಡಿಯೊ ಆದರೆ ಪರದೆಯ ಮೇಲೆ ಬರೆಯಬೇಕು, ಬಾಯಲ್ಲೂ ಹೇಳಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಕಾನೂನು ಇರಲಿ, ನನ್ನ ಮಾತು ನಂಬಿ ಒಂದು ಕುಟುಂಬ ನವನಗರದಿಂದ ಆಟೊ ಮಾಡಿಕೊಂಡು ಒಂದು ಖಾನಾವಳಿಗೆ ಊಟಕ್ಕೆ ಹೋಗುತ್ತದೆ. ಆ ಊಟಕ್ಕೆ ಅವರು ದುಡ್ಡು ಕೊಡುತ್ತಾರೆ. ನಾನು ಕೊಟ್ಟಿದ್ದೆನೋ ಇಲ್ಲವೋ ಅನ್ನುವುದು ಅವರಿಗೆ ಗೊತ್ತಿರಬೇಕು. ‘ಜಾಹೀರಾತು’ ಅಂತ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ವಿಡಿಯೊದ ಶುರುವಿನಲ್ಲೇ ಹಾಕುವುದನ್ನು ಈ ತರಬೇತಿ ಮೊದಲ ಪಾಠವಾಗಿ ಕಲಿಸಬೇಕಿತ್ತು. ಈ ವೃತ್ತಿಯಲ್ಲಿ ನಮಗೆ ಇರುವ ಬಂಡವಾಳ ಓದುವವರ ನಂಬಿಕೆ ಒಂದೇ.

ತೆರಿಗೆಯ ಬಗ್ಗೆಯೂ ಚಕಾರ ಇಲ್ಲ. ಒಂದೇ ಕಂಪನಿಯಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ವಸ್ತುಗಳು ಬಂದು ನಾವು ಇಟ್ಟುಕೊಂಡರೆ ಅದರ ಮೇಲೆ ಶೇ 10 ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ ಇದೆ. 2022ರ ಜುಲೈ 1ರಿಂದ ಜಾರಿಗೆ ಬಂದ ನಿಯಮ. ಮಿಕ್ಸರ್, ಓವನ್ ಉಡುಗೊರೆ ಬಂತು ಅಂತ ಖುಷಿಪಡುವ ಮುಂಚೆ ಇದನ್ನು ತಿಳಿದಿರಬೇಕು.

ಭಾನುವಾರ ಕಲಿಸಿದವರ ಇನ್ನೊಂದು ಸಲಹೆ: ಕನ್ನಡ ಬಿಟ್ಟು ಹಿಂದಿಗೋ ಇಂಗ್ಲಿಷಿಗೋ ಹೋಗಿ, ಕನ್ನಡದಲ್ಲಿ ದುಡ್ಡಿಲ್ಲ. ಇಂಗ್ಲಿಷ್ ವಿಡಿಯೊಗಳಿಗೆ ಜಾಹೀರಾತು ದರ ಸಾಮಾನ್ಯವಾಗಿ ಹೆಚ್ಚು, ಅದು ನಿಜ. ಆದರೆ ನನ್ನ ಓದುಗರು ಪುಣೆಯಲ್ಲಿ, ಬೆಂಗಳೂರಿನ ಪಿಜಿಗಳಲ್ಲಿ, ದುಬೈಯಲ್ಲಿ ಕುಳಿತು ‘ಜ್ವಾಳದ ಹಿಟ್ಟಿಗೆ ನೀರು ಎಷ್ಟು ಕಾಯಬೇಕ್ರಿ ಅಕ್ಕಾ?’ ಅಂತ ಕೇಳುವವರು. ಅವರಿಗೆ ಬೇಕಾದ ಗಾಣದ ಎಣ್ಣೆ, ಗುರೆಳ್ಳು ಚಟ್ನಿಪುಡಿ, ಕಟಕ್ ರೊಟ್ಟಿ ಮಾಡಿ ಮಾರುವವರು ನಮ್ಮೂರಲ್ಲೇ ಇದ್ದಾರೆ. ಅವರ ಗಿರಾಕಿಗಳೂ ಕನ್ನಡದವರೇ. ಅಂಥವರ ಜಾಹೀರಾತು, ಫೋಟೊ ಕೆಲಸ, ಲೇಬಲ್ ಬರಹ, ಅಡುಗೆ ಕ್ಲಾಸು, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ ನಾವೇ ಚಟ್ನಿಪುಡಿ ಮಾರುವುದು ಹೀಗೆ ನಾಲ್ಕಾರು ದಾರಿಗಳು ಸೇರಿ ಸಂಸಾರದ ಖರ್ಚು ನಡೆಯಬೇಕು. ವ್ಯೂಸ್ ಒಂದನ್ನೇ ನಂಬಿ ಬ್ಯಾಂಕಿನ ಕೆಲಸ ಬಿಡಬೇಡಿ ಅಂತ ಅಲ್ಲಿ ಪರಿಚಯವಾದ ಹುಡುಗಿಗೆ ಚಹಾ ಕುಡಿಯುವಾಗ ಕೈ ಹಿಡಿದು ಹೇಳಿ ಬಂದೆ.

ಒಟ್ಟಿನಲ್ಲಿ ಫೋಟೊ ಮತ್ತು ಬರವಣಿಗೆಯ ಪಾಠಕ್ಕಾಗಿ ಖಂಡಿತ ಹೋಗಿ. ಫೀ ಕಟ್ಟುವ ಮುಂಚೆ ಎರಡನೆಯ ದಿನ ಯಾರು ಬರುತ್ತಾರೆ, ಜಾಹೀರಾತು ನಿಯಮ, ತೆರಿಗೆ ಹೇಳಿಕೊಡುತ್ತಾರೋ ಇಲ್ಲವೋ ಕೇಳಿಕೊಳ್ಳಿ. ಶನಿವಾರಕ್ಕೆ ಮಾತ್ರ ಫೀ ಕಟ್ಟುವ ಅವಕಾಶ ಈಗಿಲ್ಲ. ಅದನ್ನು ಕೊಡಿ, ಭಾನುವಾರ ಒಂದು ತಾಸಿಗಾದರೂ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರನ್ನು ಕರೆಸಿ ಅಂತ ತರಬೇತಿ ನಡೆಸುವವರಿಗೆ ಬರೆದು ಕೊಟ್ಟಿದ್ದೇನೆ. ಮುಂದಿನ ಬ್ಯಾಚಿಗೆ ನೋಡುತ್ತೇವೆ ಅಂದಿದ್ದಾರೆ.